ಮೂರನೆಯ ಕಾಟೇಜಿನ ಗಾರೆ

ಗೋಡೆಗಳು ತಂಗಿದವರ ಮಾತನ್ನು ಹಿಡಿದಿಟ್ಟುಕೊಳ್ಳುವುದರಿಂದ ಕೊಠಡಿಗಳನ್ನು ಎಲ್ಲರೂ ಕಿವಿಗೊಟ್ಟು ಕೇಳಿಯೇ ಆರಿಸುತ್ತಾರೆ. ಮಗಳಿಗೆ ರಜೆಯಲ್ಲಿ ದ್ವೀಪ ತೋರಿಸಬೇಕಿತ್ತು. ಪ್ರವಾಸದ ಏಜೆಂಟ್ ಅಲ್ಲಿನ ಪ್ರತಿ ಕಾಟೇಜಿನ ಗೋಡೆಯ ಗಾರೆಯ ಚೂರೊಂದನ್ನು ಮೇಜಿನ ಮೇಲಿಟ್ಟ.

ಅತ್ತೆ ಮೂರನೆಯದನ್ನು ಕಿವಿಗೆ ಹಿಡಿದು ತಟ್ಟನೆ ಕೆಳಗಿಟ್ಟರು. "ಇದು ಬ್ಯಾಡ. ಯಾರೋ ಗೊರಕೆ ಹೊಡೀತಾರೆ. ನಿಮ್ಮಾವಂದೇ ಕೇಳಿ ಸಾಕಾಗಿದೆ."

"ಗೊರಕೆ ತಾನೆ? ಕೊಡಿ ಅತ್ತೆ."

"ಮೊಂಡು ಹಿಡೀಬ್ಯಾಡ ವಾರಿಜಾ."

ನಾನೇ ಎತ್ತಿಕೊಂಡು ಕಿವಿಗೆ ಒತ್ತಿದೆ. ಹೋದ ವರ್ಷ ತೀರಿಕೊಂಡ ನನ್ನ ಗಂಡ, ಸಮುದ್ರವೆಂದರೆ ತನಗಾಗದು ಎನ್ನುತ್ತಿದ್ದವನು, ಯಾರಿಗೋ ಮೆಲ್ಲಗೆ ಹೇಳುತ್ತಿದ್ದ: "ನಮ್ಮಮ್ಮಂಗೆ ಗೊತ್ತು. ವಾರಿಜಂಗೆ ಹೇಳಲ್ಲ ಬಿಡು."

ಅತ್ತೆ ಕಿಟಕಿಯತ್ತ ನೋಡುತ್ತಿದ್ದರು.

"ಇದನ್ನೇ ಬುಕ್ ಮಾಡಿ," ಎಂದೆ ಏಜೆಂಟ್‌ಗೆ. "ಅತ್ತೆಗೂ ಅಲ್ಲೇ ಹಾಸಿಗೆ ಹಾಕಿಸಿ."