ಖಂಡೆ ಪೂಜೆಗೆ ಇಟ್ಟ ತೋಪು

ಮಹಾನವಮಿಯ ಖಂಡೆ ಪೂಜೆಗೆಂದು, ಆಯುಧಗಳ ಪೂಜೆಗೆಂದು ಜೋಡಿಸಿದ್ದ ಕುಡುಗೋಲು, ಕೊಡಲಿಗಳ ಪಕ್ಕ ಸೋಮಪ್ಪ ತನ್ನ ಪ್ಲಾಸ್ಟಿಕ್ ತೋಪನ್ನು ಇಟ್ಟಾಗ ಹೆಂಡತಿ ತಂಗೆವ್ವನ ಕುಂಕುಮದ ಬೆರಳು ನಿಂತಿತು. ಎಪ್ಪತ್ತೊಂದರ ಯುದ್ಧದಲ್ಲಿ ಅವನು ವಿಮಾನ ಹೊಡೆದುರುಳಿಸಿದ್ದ ತೋಪಿನದೇ ಪುಟ್ಟ ಮಾದರಿ. ಈಗಷ್ಟೇ ಕೊನೆಯ ಚೂರು ಅಂಟಿಸಿ ತಂದಿದ್ದ. ತಂಗೆವ್ವ ಸತ್ತ ಇಲಿ ಹಿಡಿದಂತೆ ಎರಡೇ ಬೆರಳಲ್ಲಿ ಅದನ್ನೆತ್ತಿ ಪಕ್ಕಕ್ಕಿಟ್ಟಳು.

"ಕುಡಗೋಲು ನಮಗ ಅನ್ನಾ ಹಾಕೇತ್ರಿ. ಇದೇನ್ ಮಾಡೇತಿ?"

"ವಿಮಾನ ಕೆಡವೇತಿ. ಇಡೀ ಬೈಲಹೊಂಗಲಕ್ಕ ಗೊತ್ತೈತಿ."

"ಅದರಾಗಿದ್ದ ಮನಿಷಾ?"

ಇಷ್ಟು ವರ್ಷ ಯಾರೂ ಅದನ್ನು ಕೇಳಿರಲಿಲ್ಲ. "ಬೆಂಕ್ಯಾಗ ಸಿಕ್ಕಿದ್ದ. ಕೈ ಹಿಡದು ಎಳದ್ನಿ," ಎಂದ ಸೋಮಪ್ಪ. "ತೊಗಲು ಸುಲದು ನನ್ನ ಕೈಯಾಗ ಬಂತು."

ಅವನ ಬೆರಳ ತುದಿಯಲ್ಲಿ ಒಣಗಿದ ಅಂಟು ತೆಳ್ಳಗೆ ಸುಲಿದು ಜೋತಾಡುತ್ತಿತ್ತು. ಓಕರಿಕೆ ಬಂತು. ಬಾಯಿ ಮುಚ್ಚಿಕೊಳ್ಳಲು ಎತ್ತಿದ ಕೈಯನ್ನು ಮುಖದ ಹತ್ತಿರ ತರಲಾಗದೆ, ದೂರ ಚಾಚಿ ಹಿಡಿದು ನಿಂತ.