ತಗ್ಗಿಗೊಮ್ಮೆ ನಿಲ್ಲುವ ಟ್ರ್ಯಾಕ್ಟರು

ದ್ರಾಕ್ಷಿ ಸಾಲುಗಳ ನಡುವೆ ಓಡಿಸಲೆಂದೇ ಚನಮಲ್ಲಪ್ಪ ಹೋದ ವರ್ಷ ಕೊಂಡಿದ್ದ ಸಣ್ಣ ಟ್ರ್ಯಾಕ್ಟರು ಈಗೀಗ ತಗ್ಗು ಬಂದಲ್ಲೆಲ್ಲ ಗಕ್ಕನೆ ನಿಂತುಬಿಡುತ್ತಿತ್ತು. ಡೀಸೆಲ್ ಫಿಲ್ಟರ್ ಬದಲಿಸಿದ್ದಾಯಿತು, ಪೈಪಿನೊಳಗಿನ ಗಾಳಿ ತೆಗೆಸಿದ್ದಾಯಿತು. ಯಾವುದಕ್ಕೂ ಅದು ಜಗ್ಗಲಿಲ್ಲ.

“ತಂದಾಗ ಹೆಂಗಿತ್ತು, ಈಗ ಹೆಂಗಾತು ನೋಡು ತಮ್ಮಾ,” ಎಂದು ಅವನು ಮೆಕ್ಯಾನಿಕ್ ದಸ್ತಗೀರನ ಮುಂದೆ ಹಲುಬಿದ.

ದಸ್ತಗೀರ ತಾನೇ ಹತ್ತಿ ತೋಟವನ್ನೆಲ್ಲ ಸುತ್ತಿ ಬಂದ. ಗಾಡಿ ಎಲ್ಲಿಯೂ ನಿಲ್ಲಲಿಲ್ಲ. ಆಮೇಲೆ ಚನಮಲ್ಲಪ್ಪ ಹತ್ತಿದ. ಮೊದಲ ತಗ್ಗಿಗೇ ನಿಂತಿತು.

“ನನ್ನ ಮ್ಯಾಲಷ್ಟ ಸಿಟ್ಟೈತಿ ಇದಕ್ಕ!”

ದಸ್ತಗೀರ ಸೀಟು ಎತ್ತಿ ನೋಡಿದ. “ಇದರ ಬುಡಕ ಒಂದು ಸ್ವಿಚ್ ಐತ್ರಿ ಅಣ್ಣಾರ. ಸೀಟಿನ ಮ್ಯಾಲೆ ಭಾರ ಬೀಳಲಿಲ್ಲಂದ್ರ, ಯಾರೂ ಕುಂತಿಲ್ಲಂತ ಇಂಜಿನ್ ಬಂದ್ ಮಾಡತೈತಿ.”

“ಕೆಟ್ಟಿದ್ರ ಕಿತ್ತ ಒಗಿ ಅದನ್ನ.”

ದಸ್ತಗೀರ ಒಂದು ಗೊಬ್ಬರದ ಚೀಲ ಹೊತ್ತು ತಂದು ಚನಮಲ್ಲಪ್ಪನ ತೊಡೆಯ ಮೇಲಿಟ್ಟ. ಈ ಸಲ ಟ್ರ್ಯಾಕ್ಟರು ತಗ್ಗು ದಿನ್ನೆಗಳನ್ನೆಲ್ಲ ದಾಟಿ ಮನೆಯ ಮುಂದೆ ಬಂದು ನಿಂತಿತು. ಚನಮಲ್ಲಪ್ಪ ಗೆದ್ದವನ ಹಾಗೆ ಕೆಳಗಿಳಿದು, ಜಾರುತ್ತಿದ್ದ ಪ್ಯಾಂಟನ್ನು ಮೇಲೆಳೆದುಕೊಂಡ.

“ಹಂಗಾರ ಹೊಸಾ ಸ್ವಿಚ್ ಯಾವಾಗ ಹಾಕ್ತಿ?”

“ಸ್ವಿಚ್ ಚಲೋ ಐತ್ರಿ. ಹೋದ ವರ್ಷ ನೀವು ಕುಂತದ್ದು ಇದಕ್ಕ ತಿಳೀತಿತ್ತು,” ಎನ್ನುತ್ತ ದಸ್ತಗೀರ ರಿಪೇರಿ ಸಾಮಾನುಗಳನ್ನು ತನ್ನ ಚೀಲಕ್ಕೆ ತುಂಬಿಕೊಂಡ. ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಚನಮಲ್ಲಪ್ಪನ ಹೆಂಡತಿಯ ಕಡೆ ತಿರುಗಿದ.

“ಅಕ್ಕಾರ, ನಾಳೆನ ಅಣ್ಣಾರನ್ನ ದವಾಖಾನಿಗೆ ತೋರಸ್ರಿ.”