ಅಳಿಸಿದ ವಿಳಾಸ

ದ್ವೀಪದ ವಯರ್‌ಲೆಸ್ ಕೇಂದ್ರವನ್ನು ದಡಕ್ಕೆ ಜೋಡಿಸುವ ಫ್ರೇಮ್ ರಿಲೇ ರೂಟರ್‌ನಲ್ಲಿ, ಕೈಯಾರೆ ಬರೆದಿಟ್ಟ ದಡದ ಕಚೇರಿಯ ಹಳೆಯ ವಿಳಾಸವೊಂದಿತ್ತು. ತೆಗೆದರೆ ರೂಟರ್ ಹೊಸದನ್ನು ತಾನೇ ಕಲಿಯುತ್ತದೆಂದುಕೊಂಡು ಜೆಸಿಂತಾ ದಡದ ಕಚೇರಿಯಿಂದಲೇ ಅದನ್ನು ಅಳಿಸಿದಳು. ಲೈನು ಸತ್ತುಹೋಯಿತು.

ಕಡಲಲ್ಲಿ ಅರವತ್ತು ದೋಣಿಗಳಿದ್ದವು. ಚಂಡಮಾರುತದ ಎಚ್ಚರಿಕೆ ಅವಕ್ಕೆ ಆ ಲೈನಿನಿಂದಲೇ ಮುಟ್ಟಬೇಕಿತ್ತು.

"ಹೆದರ್ಬೇಡ ಮಾರಾಯ್ತಿ," ಎಂದರು ಪಕ್ಕದಲ್ಲೇ ಕೂತಿದ್ದ ಹಿರಿಯ ಇಂಜಿನಿಯರ್ ಬಾಳಿಗರು. "ಅದು ತಾನೇ ಕಲಿಯುವುದನ್ನು ನಾನೇ ಬಂದ್ ಮಾಡಿದ್ದೆ, ನಿನಗೆ ಹೇಳ್ಲಿಲ್ಲ. ಆದ್ರೆ ಕೆಲಸ ನಿನ್ನ ಕೈಗೆ ಕೊಡುವ ಮೊದಲೇ, ರೂಟರ್ ಹತ್ತು ನಿಮಿಷದಲ್ಲಿ ತಾನೇ ರೀಸ್ಟಾರ್ಟ್ ಆಗುವ ಹಾಗೆ ಮಾಡಿಟ್ಟಿದ್ದೇನೆ. ಸೇವ್ ಮಾಡದ್ದೆಲ್ಲ ಹೋಗಿ ಹಳೆಯದೇ ವಾಪಸ್ ಬರ್ತದೆ."

ಜೆಸಿಂತಾ ತಾನು ಕಳಿಸಿದ್ದನ್ನು ಪರದೆಯಲ್ಲಿ ಮತ್ತೊಮ್ಮೆ ಓದಿದಳು.

"ಸರ್, ನೀವು ಹೇಳಿಕೊಟ್ಟ ಹಾಗೇ, ಅಳಿಸುವ ಕಮಾಂಡಿನ ಬೆನ್ನಿಗೇ ಸೇವ್ ಕಮಾಂಡನ್ನೂ ಸೇರಿಸಿ ಒಟ್ಟಿಗೇ ಕಳಿಸಿದ್ದೆ."